ಅಂತರ್ಜಲ ಕೆಟ್ಟಾಗ ಶಾಸಕರನ್ನು ಕೇಳುವುದು ಹೇಗೆ?

ನಂಜನಗೂಡು, ತಿ. ನರಸೀಪುರ ಕಡೆ ಕೊಳವೆಬಾವಿ ನೀರು ಕೆಟ್ಟರೆ ಜನರ ಸಿಟ್ಟು ಮೊದಲು ಹೋಗುವುದು ಶಾಸಕರ ಮೇಲೆ. ವೋಟು ಕೇಳಲು ಬಂದವರು ನೀರು ನೋಡಲು ಬರಲಿಲ್ಲ ಎಂಬ ದೂರು ಹೊಸದಲ್ಲ, ಸಿಟ್ಟು ನ್ಯಾಯವಾದದ್ದೇ. ಆದರೆ ಮನವಿ ಪತ್ರ ಕೊಟ್ಟು, ‘ನೋಡೋಣ’ ಅನ್ನಿಸಿಕೊಂಡು ಬಂದು ನಾವೂ ಸುಮ್ಮನಾಗುತ್ತೇವೆ. ಅವರು ನುಣುಚಿಕೊಳ್ಳಲಾಗದಂತೆ ಕೇಳಬೇಕಾದರೆ ಕಾನೂನಿನ ಕೆಲವು ಸಂಗತಿ ಗೊತ್ತಿರಬೇಕು.

ನಂಜನಗೂಡು ದಾಟಿದ ಕಪಿಲೆ ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಎರಡೂ ತಾಲ್ಲೂಕಿನ ಹಳ್ಳಿಗಳು ನಂಜನಗೂಡು, ತಿ. ನರಸೀಪುರ, ವರುಣ ಎಂದು ಮೂರು ಕ್ಷೇತ್ರಗಳಿಗೆ ಹಂಚಿಹೋಗಿವೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2018ರಲ್ಲಿ ಗುರುತಿಸಿದ ರಾಜ್ಯದ 17 ಕಲುಷಿತ ನದಿಪಾತ್ರಗಳಲ್ಲಿ ನಂಜನಗೂಡಿನಿಂದ ಹೆಜ್ಜಿಗೆವರೆಗಿನ ಕಪಿಲೆಯೂ ಇತ್ತು. ಮೇಲೆ ಬಿಟ್ಟದ್ದು ಕೆಳಗಿನವರ ಪಾಲಿಗೆ ಬರುತ್ತದೆ. ಹಾಗಾಗಿ ನಿಮ್ಮ ಪತ್ರ ಮೂವರು ಶಾಸಕರಿಗೂ ಹೋಗಲಿ.

ಅಂತರ್ಜಲಕ್ಕೆ ಕಾನೂನೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. 1974ರ ಜಲ ಮಾಲಿನ್ಯ ಕಾಯ್ದೆಯ ಸೆಕ್ಷನ್ 2(ಜೆ) ನೆಲದಡಿಯ ನೀರನ್ನೂ ಹೊಳೆ, ಹಳ್ಳಗಳ ಜೊತೆಗೇ ಸೇರಿಸಿದೆ. ಹೊಳೆಗಾಗಲಿ, ಬಾವಿಗಾಗಲಿ, ನೆಲದ ಮೇಲಾಗಲಿ ಗೊತ್ತಿದ್ದೂ ವಿಷಕಾರಿ ತ್ಯಾಜ್ಯ ಬಿಡುವುದನ್ನು ಸೆಕ್ಷನ್ 24 ನಿಷೇಧಿಸುತ್ತದೆ. ಸೆಕ್ಷನ್ 33ಎ ಪ್ರಕಾರ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿ ತ್ಯಾಜ್ಯ ಬಿಡುವ ಘಟಕವನ್ನು ಮುಚ್ಚಿಸಬಹುದು, ವಿದ್ಯುತ್ತು, ನೀರು ಕಡಿತ ಮಾಡಿಸಬಹುದು.

ಜನ ಎಡವುವುದು ಸಾಕ್ಷ್ಯದಲ್ಲಿ. ಬಿಂದಿಗೆಯ ಒಳಗೆ ಬಿಳಿ ಕರೆ ಕಟ್ಟಿರುತ್ತದೆ, ನೀರು ಹಳದಿಗೆ ತಿರುಗಿರುತ್ತದೆ. ಅದನ್ನೇ ಬಾಟಲಿಗೆ ತುಂಬಿ ಶಾಸಕರ ಮುಂದೆ ಹಿಡಿಯುತ್ತೇವೆ. ಮಾಲಿನ್ಯದ ಮೊಕದ್ದಮೆಯಲ್ಲಿ ಅದು ನಿಲ್ಲುವುದಿಲ್ಲ. ಸೆಕ್ಷನ್ 21ರಂತೆ ಮಂಡಳಿಯ ಅಧಿಕಾರಿಯೇ ಘಟಕದವರಿಗೆ ನೋಟಿಸ್ ಕೊಟ್ಟು, ತ್ಯಾಜ್ಯದ ಮಾದರಿ ತೆಗೆದು, ಎರಡು ಭಾಗ ಮಾಡಿ, ಮೊಹರು ಮತ್ತು ಸಹಿ ಹಾಕಿ ಪ್ರಯೋಗಾಲಯಕ್ಕೆ ಕಳಿಸಬೇಕು. ಆದ್ದರಿಂದ ಮೊದಲ ಅರ್ಜಿ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಮೈಸೂರಿನ ಪ್ರಾದೇಶಿಕ ಕಚೇರಿಗೆ. ಘಟಕದ ತ್ಯಾಜ್ಯ, ಸುತ್ತಲ ಕೊಳವೆಬಾವಿ ಎರಡರ ಮಾದರಿಯನ್ನೂ ತೆಗೆಯಿರಿ ಎಂದು ಬರೆದು ಸ್ವೀಕೃತಿ ಮೊಹರು ಹಾಕಿಸಿಕೊಳ್ಳಿ. ಗ್ರಾಮ ಪಂಚಾಯಿತಿಯಲ್ಲಿ ನೀರು ಪರೀಕ್ಷೆಯ ಕಿಟ್ ಇದ್ದರೆ ಅದರಿಂದ ಆರಂಭಿಸಬಹುದು. ಕುಡಿಯುವ ನೀರಿನ ಒಂದು ಲೀಟರಿನಲ್ಲಿ ನೈಟ್ರೇಟ್ 45 ಮಿಲಿಗ್ರಾಂ ಮೀರಬಾರದು. ನೀರು ಕೆಟ್ಟದ್ದು ಕಾರ್ಖಾನೆಯಿಂದಲೋ, ಊರ ಚರಂಡಿಯಿಂದಲೋ, ಗದ್ದೆಗೆ ಸುರಿದ ಗೊಬ್ಬರದಿಂದಲೋ ಎಂಬುದು ಪರೀಕ್ಷೆಯಿಲ್ಲದೆ ಗೊತ್ತಾಗುವುದಿಲ್ಲ. ಗೊತ್ತಾಗುವ ಮೊದಲೇ ಯಾರ ಹೆಸರನ್ನೂ ಬರೆಯಬೇಡಿ.

ಹೆಚ್ಚಿನವರಿಗೆ ತಿಳಿಯದ ಹಕ್ಕು ಇನ್ನೊಂದಿದೆ. ಯಾವ ಘಟಕ ಎಷ್ಟು ತ್ಯಾಜ್ಯ ನೀರನ್ನು ಯಾವ ಷರತ್ತಿನ ಮೇಲೆ ಬಿಡಬಹುದು ಎಂಬ ಸಮ್ಮತಿ ಪತ್ರದ ವಿವರವನ್ನು ಮಂಡಳಿ ಒಂದು ರಿಜಿಸ್ಟರಿನಲ್ಲಿ ಇಡಬೇಕು, ಬಾಧಿತರು ಕೇಳಿದರೆ ತೋರಿಸಲೇಬೇಕು. ಸೆಕ್ಷನ್ 25(6) ಅದನ್ನೇ ಹೇಳುತ್ತದೆ. ತೋರಿಸದಿದ್ದರೆ ಮಾಹಿತಿ ಹಕ್ಕು ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಒಳಗೆ.

ಇಷ್ಟು ಕಾಗದ ಕೈಗೆ ಬಂದ ಮೇಲೆ ಶಾಸಕರ ಬಳಿ ಹೋಗಿ. ಕೇಳಬೇಕಾದದ್ದು ಭರವಸೆಯನ್ನಲ್ಲ, ಅಧಿವೇಶನದಲ್ಲಿ ಒಂದು ಚುಕ್ಕೆ ಗುರುತಿನ ಪ್ರಶ್ನೆಯನ್ನು. ಇಂಥ ಊರಿನ ಸುತ್ತ ಮಂಡಳಿ ಎಷ್ಟು ಮಾದರಿ ತೆಗೆದಿದೆ, ಫಲಿತಾಂಶ ಏನು, ಏನು ಕ್ರಮ ಆಗಿದೆ? ಪ್ರಶ್ನೆಯನ್ನು ನೀವೇ ಬರೆದು ಕೊಡಿ. ಸಚಿವರ ಉತ್ತರ ಸದನದ ದಾಖಲೆಯಾಗುತ್ತದೆ. ಪ್ರಶ್ನೆ ಕೇಳದ ಶಾಸಕರಿಗೆ ಯಾಕೆ ಕೇಳಲಿಲ್ಲ ಎಂದು ಮುಂದಿನ ಗ್ರಾಮಸಭೆಯ ನಿರ್ಣಯದ ಮೂಲಕವೇ ಬರೆಯಿರಿ. ಒಬ್ಬರ ಸಹಿಗಿಂತ ಗ್ರಾಮಸಭೆಯ ನಿರ್ಣಯಕ್ಕೆ ತೂಕ ಹೆಚ್ಚು.

ಶಾಸಕರ ನಿಜವಾದ ಹೊಣೆ ಇರುವುದು ಕಾನೂನಿನ ಕೊರತೆ ತುಂಬುವುದರಲ್ಲಿ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಲ್ಲಿ ಕೊಳವೆಬಾವಿ ಕೊರೆಯಲು ಅನುಮತಿಯ ಬಿಗಿ ಇರುವುದು ಮುಖ್ಯವಾಗಿ ಅಧಿಸೂಚಿತ ಪ್ರದೇಶಗಳಲ್ಲಿ. ಒಂದು ತಾಲ್ಲೂಕು ‘ಸುರಕ್ಷಿತ’ವೋ ಅಲ್ಲವೋ ಎಂದು ನಿರ್ಧರಿಸುವಾಗ ನೋಡುವುದು ವರ್ಷಕ್ಕೆ ಎಷ್ಟು ನೀರು ಮೇಲೆತ್ತಿದ್ದೇವೆ ಎಂಬುದನ್ನು. ಎತ್ತಬಹುದಾದ ನೀರಿನಲ್ಲಿ ಎತ್ತಿದ್ದು ಶೇ 70ರ ಒಳಗಿದ್ದರೆ ಸುರಕ್ಷಿತ. ನೀರು ಕುಡಿಯಲು ಬರುತ್ತದೆಯೇ ಎಂಬುದು ಆ ಲೆಕ್ಕವನ್ನು ಬದಲಿಸುವುದಿಲ್ಲ. ನದಿ, ನಾಲೆ ಇದ್ದು ನೀರಿನ ಪ್ರಮಾಣಕ್ಕಿಂತ ಗುಣಮಟ್ಟದ್ದೇ ಚಿಂತೆಯಾದ ನಮ್ಮಂಥ ಕಡೆ ಇದು ದೊಡ್ಡ ಅನ್ಯಾಯ. ತಿದ್ದುಪಡಿ ಆಗದ ಮಾತೇನಲ್ಲ. ಮುಚ್ಚದೆ ಬಿಟ್ಟ ಕೊಳವೆಬಾವಿಗಳ ವಿಷಯದಲ್ಲಿ 2024ರ ಡಿಸೆಂಬರಿನ ಬೆಳಗಾವಿ ಅಧಿವೇಶನದಲ್ಲಿ ಇದೇ ಕಾಯ್ದೆಗೆ ತಿದ್ದುಪಡಿ ತಂದು, ಒಂದು ವರ್ಷದವರೆಗೆ ಸೆರೆವಾಸ, 25 ಸಾವಿರ ರೂಪಾಯಿವರೆಗೆ ದಂಡ ಎಂದು ಮಾಡಿದ್ದಾರೆ. ನೀರಿನ ಗುಣಮಟ್ಟವನ್ನೂ ಅಧಿಸೂಚನೆಗೆ ಆಧಾರವಾಗಿಸಿ ಎಂದು ಕೇಳಲು ನಿಮಗೆ ಪೂರ್ತಿ ಹಕ್ಕಿದೆ. ವಿಧಾನಸಭೆಯ ಅರ್ಜಿಗಳ ಸಮಿತಿಯ ಬಾಗಿಲೂ ಇದಕ್ಕೆ ತೆರೆದಿದೆ.

ಯಾವುದೂ ಫಲಿಸದಿದ್ದರೆ ಚೆನ್ನೈನಲ್ಲಿರುವ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠ. ಪರಿಹಾರ ಧನ ಕೇಳದ ಅರ್ಜಿಗೆ ಶುಲ್ಕ 1,000 ರೂಪಾಯಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ತಾಲ್ಲೂಕು ಕಾನೂನು ಸೇವಾ ಸಮಿತಿಯಿಂದ ಆದಾಯದ ಮಿತಿಯಿಲ್ಲದೆ ಉಚಿತ ನೆರವು ಪಡೆಯಬಹುದು, ಸಹಾಯವಾಣಿ 15100. ಆದರೆ ಗಡುವು ಮರೆಯಬೇಡಿ. ತೊಂದರೆ ಮೊದಲು ಎದುರಾದ ದಿನದಿಂದ ಆರು ತಿಂಗಳು, ತಕ್ಕ ಕಾರಣವಿದ್ದರೆ ಮೇಲೆ 60 ದಿನ. ಪರಿಹಾರ ಧನಕ್ಕೆ ಐದು ವರ್ಷ. ಶಾಸಕರ ಉತ್ತರಕ್ಕಾಗಿ ಕಾದೆವು ಎಂದರೆ ಆ ಗಡುವು ಮುಂದೆ ಹೋಗುವುದಿಲ್ಲ. ಅದಕ್ಕೇ ನೀರು ಕೆಟ್ಟದ್ದು ಮೊದಲು ಕಂಡ ದಿನಾಂಕವನ್ನು ಅಂದೇ ಬರೆದಿಟ್ಟು, ಅಧಿವೇಶನ ನಡೆಯುತ್ತಿರಲಿ, ಬಿಡಲಿ, ಅರ್ಜಿಯ ಕೆಲಸ ಶುರು ಮಾಡಿ.