ರಾಸಾಯನಿಕ ಎಂಜಿನಿಯರಿಂಗ್ ಅಧ್ಯಯನ: ಪಿಂಪ್ರಿಯ ಪೆನಿಸಿಲಿನ್ ಹೇಳುವ ಪಾಠ

ಪುಣೆಯಿಂದ ಮುಂಬಯಿಯ ಕಡೆಗೆ ಸಾಗುವ ಹಳೆಯ ಹೆದ್ದಾರಿಯಲ್ಲಿ ಪಿಂಪ್ರಿ ಎಂಬ ಊರಿದೆ. ಮೋಟಾರು ವಾಹನಗಳ ತಯಾರಿಕೆಗೆ ಹೆಸರಾದ ಈ ಕೈಗಾರಿಕಾ ಪ್ರದೇಶದಲ್ಲಿ 1954ರಲ್ಲಿ ಕೇಂದ್ರ ಸರ್ಕಾರವು ಹಿಂದೂಸ್ಥಾನ್ ಆ್ಯಂಟಿಬಯಾಟಿಕ್ಸ್ ಲಿಮಿಟೆಡ್ ಎಂಬ ಸಂಸ್ಥೆಯನ್ನು ಸ್ಥಾಪಿಸಿತು. ಸರ್ಕಾರಿ ವಲಯದ ಔಷಧ ತಯಾರಿಕಾ ಸಂಸ್ಥೆಗಳಲ್ಲಿ ಇದೇ ಮೊದಲನೆಯದು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್‌ಗಳ ನೆರವು ಪಡೆದ ಈ ಕಾರ್ಖಾನೆಯಲ್ಲಿ 1955ರಲ್ಲಿ ಪೆನಿಸಿಲಿನ್ ತಯಾರಿಕೆ ಆರಂಭವಾಯಿತು. ಗಾಯದ ನಂಜಿನಿಂದಲೂ ನ್ಯೂಮೋನಿಯದಿಂದಲೂ ಜನ ಸಾಯುತ್ತಿದ್ದ ದೇಶಕ್ಕೆ ಅದು ಸಣ್ಣ ಸಂಗತಿಯಾಗಿರಲಿಲ್ಲ.

ಪೆನಿಸಿಲಿನ್ನನ್ನು ಅಲೆಕ್ಸಾಂಡರ್ ಫ್ಲೆಮಿಂಗ್ ಗುರುತಿಸಿದ್ದು 1928ರಲ್ಲಿ. ಆದರೆ ರೋಗಿಗಳಿಗೆ ಅದು ಸಾಕಷ್ಟು ಪ್ರಮಾಣದಲ್ಲಿ ದೊರೆತದ್ದು 1944ರ ನಂತರ. ನಡುವಣ ಹದಿನಾರು ವರ್ಷಗಳಲ್ಲಿ ಏನು ಕೊರತೆಯಾಗಿತ್ತು? 1941ರಲ್ಲಿ ಆಕ್ಸ್‌ಫರ್ಡಿನ ವೈದ್ಯರು ನಂಜೇರಿದ ಒಬ್ಬ ಪೊಲೀಸ್ ಕಾನ್‌ಸ್ಟೆಬಲ್‌ಗೆ ಈ ಔಷಧವನ್ನು ಚುಚ್ಚಿದರು. ಆತ ಚೇತರಿಸಿಕೊಳ್ಳತೊಡಗಿದ. ಅಷ್ಟರಲ್ಲಿ ಔಷಧ ಮುಗಿಯಿತು. ಆತನ ಮೂತ್ರದಿಂದಲೇ ಪೆನಿಸಿಲಿನ್ನನ್ನು ಮರಳಿ ಬೇರ್ಪಡಿಸಿ ಕೊಟ್ಟರೂ ಸಾಲದೆ, ರೋಗ ಮರುಕಳಿಸಿ ಆತ ತೀರಿಕೊಂಡ. ಔಷಧದ ಗುಣದಲ್ಲಿ ಕೊರತೆಯಿರಲಿಲ್ಲ. ಇದ್ದದ್ದು ಅದರ ಪ್ರಮಾಣದಲ್ಲಿ. ಚಪ್ಪಟೆಯಾದ ಪಾತ್ರೆಗಳಲ್ಲಿ ಪೋಷಕ ದ್ರವದ ಮೇಲ್ಮೈಯಲ್ಲಷ್ಟೇ ಬೆಳೆಯುತ್ತಿದ್ದ ಬೂಷ್ಟಿನಿಂದ ಇಡೀ ದೇಶಕ್ಕೆ ಸಾಕಾಗುವಷ್ಟು ಔಷಧವನ್ನು ಪಡೆಯುವ ಮಾರ್ಗ ಆಗ ಯಾರಿಗೂ ತಿಳಿದಿರಲಿಲ್ಲ. ಪ್ರಯೋಗಶಾಲೆಯಲ್ಲಿ ಒಂದು ಹಿಡಿಯಷ್ಟು ದೊರೆತದ್ದನ್ನು ಕಾರ್ಖಾನೆಯಲ್ಲಿ ಟನ್ನುಗಟ್ಟಲೆ ಪಡೆಯುವುದು ಹೇಗೆಂಬುದನ್ನು ಅಭ್ಯಸಿಸುವ ಶಾಸ್ತ್ರವೇ ರಾಸಾಯನಿಕ ಎಂಜಿನಿಯರಿಂಗ್.

ಗಾತ್ರ ಬದಲಾದರೆ ಗುಣವೂ ಬದಲಾಗುತ್ತದೆ

ಈ ವಿಷಯವನ್ನು ಆರಿಸಿಕೊಳ್ಳುವ ಅನೇಕ ವಿದ್ಯಾರ್ಥಿಗಳು ಇದನ್ನು ರಸಾಯನಶಾಸ್ತ್ರದ ಮುಂದುವರಿದ ಭಾಗವೆಂದೇ ಭಾವಿಸಿರುತ್ತಾರೆ. ಮೊದಲ ವರ್ಷದಲ್ಲಿಯೇ ಆ ಭಾವನೆ ಕಳೆದರೆ ಒಳ್ಳೆಯದು. ಯಾವ ವಸ್ತುವಿನೊಡನೆ ಯಾವುದು ಸೇರಿದರೆ ಏನಾಗುತ್ತದೆ ಎಂಬುದು ರಸಾಯನಶಾಸ್ತ್ರದ ಪ್ರಶ್ನೆ. ಅದೇ ಕ್ರಿಯೆ ಸಾವಿರಾರು ಲೀಟರಿನ ಪಾತ್ರೆಯಲ್ಲಿ ನಡೆದಾಗ ಶಾಖ ಎಲ್ಲಿಗೆ ಹೋಗುತ್ತದೆ, ದ್ರವ ಹೇಗೆ ಕದಡುತ್ತದೆ, ಬೇಕಾದುದನ್ನು ಬೇಡವಾದುದರಿಂದ ಯಾವ ವೆಚ್ಚದಲ್ಲಿ ಬೇರ್ಪಡಿಸಬಹುದು ಎಂಬುವು ಎಂಜಿನಿಯರನ ಪ್ರಶ್ನೆಗಳು.

ಒಂದು ಸರಳ ಲೆಕ್ಕವನ್ನು ನೋಡಬಹುದು. ಒಂದು ಲೀಟರು ಹಿಡಿಯುವ ಕುಪ್ಪಿಯ ಉದ್ದ, ಅಗಲ, ಎತ್ತರಗಳನ್ನು ಮೂವತ್ತು ಪಟ್ಟು ಹೆಚ್ಚಿಸಿದರೆ ಅದರ ಗಾತ್ರ 30 × 30 × 30, ಅಂದರೆ 27,000 ಲೀಟರು ಆಗುತ್ತದೆ. ಆದರೆ ಅದರ ಹೊರಮೈಯ ವಿಸ್ತಾರ ಹೆಚ್ಚುವುದು 30 × 30, ಅಂದರೆ 900 ಪಟ್ಟು ಮಾತ್ರ. ಹೀಗಾಗಿ ಪ್ರತಿ ಲೀಟರಿಗೆ ದೊರೆಯುವ ಹೊರಮೈ ಮೂವತ್ತನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಶಾಖವು ಹುಟ್ಟುವುದು ಇಡೀ ದ್ರವದಲ್ಲಿ. ಹೊರಗೆ ಹೋಗಬೇಕಾದದ್ದು ಮೈಯ ಮೂಲಕ. ಬೆಂಚಿನ ಮೇಲೆ ತಾನಾಗಿಯೇ ತಣಿಯುತ್ತಿದ್ದ ಕುಪ್ಪಿಯ ಕ್ರಿಯೆ ದೊಡ್ಡ ಪಾತ್ರೆಯಲ್ಲಿ ತನ್ನ ಶಾಖದಿಂದಲೇ ಇನ್ನಷ್ಟು ವೇಗಗೊಂಡು ಕೈಮೀರಿ ಹೋಗಬಹುದು.

1944ರಲ್ಲಿ ಅಮೆರಿಕದ ಬ್ರೂಕ್ಲಿನ್‌ನಲ್ಲಿ ಫೈಜರ್ ಕಂಪನಿಯು ಪೆನಿಸಿಲಿನ್‌ಗಾಗಿ ಸ್ಥಾಪಿಸಿದ ತೊಟ್ಟಿಗಳು ತಲಾ ಸುಮಾರು 28,000 ಲೀಟರು ಹಿಡಿಯುವಂಥವು. ಹೆಚ್ಚುಕಡಿಮೆ ಮೇಲಿನ ಲೆಕ್ಕದ ಪಾತ್ರೆಯೇ. ಇಲ್ಲಿ ಬೂಷ್ಟನ್ನು ದ್ರವದ ಮೇಲ್ಮೈಯಲ್ಲಿ ಬೆಳೆಸುವ ಬದಲು ಆಳದಲ್ಲಿಯೇ ಬೆಳೆಸಲಾಯಿತು. ಬೂಷ್ಟಿಗೆ ಉಸಿರಾಡಲು ಆಮ್ಲಜನಕ ಬೇಕು. ಆದರೆ 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಸಂಪರ್ಕದಲ್ಲಿರುವ ಒಂದು ಲೀಟರು ನೀರಿನಲ್ಲಿ ಕರಗುವ ಆಮ್ಲಜನಕ ಕೇವಲ 8 ಮಿಲಿಗ್ರಾಂನಷ್ಟು. ದಟ್ಟವಾಗಿ ಬೆಳೆದ ಬೂಷ್ಟು ಅಷ್ಟನ್ನೂ ಒಂದು ನಿಮಿಷದೊಳಗೆ ಹೀರಿಬಿಡುತ್ತದೆ. ಆದ್ದರಿಂದ ಗಾಳಿಯನ್ನು ಸತತವಾಗಿ ಊದಬೇಕು. ಗುಳ್ಳೆಗಳು ಚಿಕ್ಕವಾಗುವಂತೆ ಕಲಕಬೇಕು. ಜೋರಾಗಿ ಕಲಕಿದರೆ ಸಾಕಲ್ಲವೆ ಎನ್ನಬಹುದು. ಕಲಕುವ ವೇಗವನ್ನು ಇಮ್ಮಡಿಗೊಳಿಸಿದರೆ ಬೇಕಾಗುವ ವಿದ್ಯುಚ್ಛಕ್ತಿ ಸುಮಾರು ಎಂಟು ಪಟ್ಟಾಗುತ್ತದೆ. ಬೂಷ್ಟಿನ ಎಳೆಗಳೂ ತುಂಡಾಗುತ್ತವೆ. ಜೊತೆಗೆ ಕಲಕುವಿಕೆಯಿಂದಲೇ ಹುಟ್ಟುವ ಶಾಖವನ್ನೂ ಹೊರತೆಗೆಯಬೇಕಾಗುತ್ತದೆ. ಊದುವ ಗಾಳಿಯಲ್ಲಿ ಅನ್ಯ ಬ್ಯಾಕ್ಟೀರಿಯಗಳು ನುಸುಳಿದರೆ, ಅವುಗಳಲ್ಲಿ ಕೆಲವು ಪೆನಿಸಿಲಿನ್ನನ್ನೇ ಒಡೆಯುವಂಥವಾದ್ದರಿಂದ, ಇಡೀ ತೊಟ್ಟಿ ಚರಂಡಿಯ ಪಾಲು.

ಇಷ್ಟಾದ ಮೇಲೂ ತೊಟ್ಟಿಯಲ್ಲಿರುವುದು ಬಹುಪಾಲು ನೀರೇ. ಬೂಷ್ಟನ್ನು ಸೋಸಿ ತೆಗೆದು, ದ್ರವವನ್ನು ತಂಪುಗೊಳಿಸಿ ಆಮ್ಲೀಯಗೊಳಿಸಿದಾಗ ಪೆನಿಸಿಲಿನ್ ನೀರನ್ನು ಬಿಟ್ಟು ಬ್ಯೂಟೈಲ್ ಅಸಿಟೇಟ್‌ನಂತಹ ದ್ರಾವಕಕ್ಕೆ ಹೋಗುತ್ತದೆ. ತೊಡಕೆಂದರೆ ಆಮ್ಲದಲ್ಲಿ ಅದು ಬೇಗನೆ ಒಡೆದುಹೋಗುತ್ತದೆ. ಎರಡು ದ್ರವಗಳನ್ನು ಕ್ಷಣಮಾತ್ರದಲ್ಲಿ ಬೆರೆಸಿ ಬೇರ್ಪಡಿಸಲು ರಭಸವಾಗಿ ತಿರುಗುವ ಯಂತ್ರಗಳು ಬೇಕಾದವು. ಹೀಗೆ ದ್ರವಚಲನೆ, ಶಾಖದ ಸಾಗಣೆ, ಒಂದು ದ್ರವದಿಂದ ಇನ್ನೊಂದಕ್ಕೆ ವಸ್ತುವಿನ ಸಾಗಣೆ, ಕ್ರಿಯೆಯ ವೇಗ, ಇವೆಲ್ಲವೂ ಒಂದೇ ಔಷಧದ ತಯಾರಿಕೆಯಲ್ಲಿ ಕೂಡಿವೆ. ಪೆನಿಸಿಲಿನ್‌ನ ಮೊದಲ ವಾಣಿಜ್ಯ ಸ್ಥಾವರದ ವಿನ್ಯಾಸದಲ್ಲಿ ಪ್ರಮುಖ ಪಾತ್ರ ವಹಿಸಿದವರು ಮಾರ್ಗರೆಟ್ ಹಚಿನ್ಸನ್ ರೂಸೊ. 1937ರಲ್ಲಿ ಮೆಸಾಚುಸೆಟ್ಸ್ ತಂತ್ರಜ್ಞಾನ ಸಂಸ್ಥೆಯಿಂದ ರಾಸಾಯನಿಕ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್ ಪಡೆದ ಮೊದಲ ಮಹಿಳೆ ಅವರು. ಇದು ಹೆಣ್ಣುಮಕ್ಕಳಿಗೆ ತಕ್ಕ ವಿಷಯವಲ್ಲವೆಂದು ಈಗಲೂ ಹೇಳುವ ಪಾಲಕರು ಈ ಹೆಸರನ್ನು ತಿಳಿದಿರಬೇಕು.

ನಾಲ್ಕು ವರ್ಷಗಳ ವ್ಯಾಸಂಗ

ಪದವಿ ವ್ಯಾಸಂಗದ ಅವಧಿ ನಾಲ್ಕು ವರ್ಷ, ಎಂಟು ಸೆಮಿಸ್ಟರುಗಳು. ಮೊದಲ ವರ್ಷದ ಗಣಿತ, ಭೌತಶಾಸ್ತ್ರ, ಎಂಜಿನಿಯರಿಂಗ್ ರೇಖಾಚಿತ್ರಗಳು ಬಹುಮಟ್ಟಿಗೆ ಎಲ್ಲ ಶಾಖೆಗಳಿಗೂ ಸಾಮಾನ್ಯ. ಎರಡನೆಯ ವರ್ಷದಲ್ಲಿ ಬರುವ ದ್ರವ್ಯ ಮತ್ತು ಶಕ್ತಿಗಳ ಸಮತೋಲನವೇ ಈ ಶಾಸ್ತ್ರದ ಕಾಗುಣಿತ. ಒಳಗೆ ಹೋದದ್ದು ಹೊರಗೆ ಬರಬೇಕು, ಇಲ್ಲವೆ ಒಳಗೆ ಉಳಿದಿರಬೇಕು ಎಂಬುದಷ್ಟೇ ಅದರ ತತ್ತ್ವ. ಕೇಳಲು ಸುಲಭವೆನಿಸಿದರೂ ಪರೀಕ್ಷೆಯಲ್ಲಿ ಹೆಚ್ಚು ವಿದ್ಯಾರ್ಥಿಗಳು ಎಡವುವುದು ಇಲ್ಲಿಯೇ.

ಮಂಡ್ಯದ ಕಡೆಯ ಆಲೆಮನೆಯನ್ನು ಕಂಡವರಿಗೆ ಇದು ಕಷ್ಟವಾಗಬಾರದು. ಕೊಪ್ಪರಿಗೆಗೆ ಸುರಿದ 100 ಕಿಲೋ ಕಬ್ಬಿನ ಹಾಲಿನಲ್ಲಿ 18 ಕಿಲೋ ಕರಗಿದ ಘನಾಂಶವಿದೆ ಎನ್ನೋಣ. ಬೆಲ್ಲದಲ್ಲಿ ನೂರಕ್ಕೆ 5ರಷ್ಟು ತೇವ ಉಳಿಯಬೇಕಾದರೆ, ಕೆನೆಯೊಡನೆ ಹೋಗುವ ಅಲ್ಪಾಂಶವನ್ನು ಬಿಟ್ಟು ಲೆಕ್ಕಹಾಕಿದಾಗ, ದೊರೆಯುವ ಬೆಲ್ಲ 18ನ್ನು 0.95ರಿಂದ ಭಾಗಿಸಿದಷ್ಟು, ಅಂದರೆ ಸುಮಾರು 19 ಕಿಲೋ. ಉಳಿದ 81 ಕಿಲೋ ನೀರು ಹಬೆಯಾಗಿ ಹೋಗಬೇಕು. ಒಂದು ಕಿಲೋ ಕುದಿನೀರು ಹಬೆಯಾಗಲು 2,257 ಕಿಲೋಜೂಲ್ ಶಾಖ ಬೇಕು. ಒಟ್ಟು ಸುಮಾರು 1.83 ಲಕ್ಷ ಕಿಲೋಜೂಲ್. ಆಲೆಮನೆಯಲ್ಲಿ ಈ ಶಾಖವೆಲ್ಲ ಹಬೆಯೊಡನೆ ಆಕಾಶಕ್ಕೆ ಹೋಗುತ್ತದೆ. ಅದನ್ನು ಉಳಿಸುವ ಉಪಾಯವನ್ನು ನಾರ್ಬರ್ಟ್ ರಿಲಿಯೊ ಎಂಬಾತ 1843ರಲ್ಲಿ ಪೇಟೆಂಟ್ ಮಾಡಿಸಿದ. ಮೊದಲ ಪಾತ್ರೆಯ ಹಬೆಯಿಂದ ಎರಡನೆಯ ಪಾತ್ರೆಯನ್ನು ಕಾಯಿಸುವುದು, ಅದರೊಳಗಿನ ಒತ್ತಡವನ್ನು ತಗ್ಗಿಸಿ ಕಡಿಮೆ ಉಷ್ಣತೆಯಲ್ಲೇ ಕುದಿಯುವಂತೆ ಮಾಡುವುದು; ಹೀಗೆಯೇ ಮುಂದಿನದು. ನಾಲ್ಕು ಪಾತ್ರೆಗಳನ್ನು ಜೋಡಿಸಿದರೆ ಒಂದು ಕಿಲೋ ಹಬೆಯಿಂದ ಮೂರಕ್ಕೂ ಹೆಚ್ಚು ಕಿಲೋ ನೀರನ್ನು ಆರಿಸಬಹುದು. ಸಕ್ಕರೆ ಕಾರ್ಖಾನೆಗಳು ನಡೆಯುವುದು ಈ ಉಪಾಯದಿಂದಲೇ.

ಬಟ್ಟಿ ಇಳಿಸುವುದು, ಆರಿಸುವುದು, ಸೋಸುವುದು, ಹರಳುಗಟ್ಟಿಸುವುದು ಮುಂತಾದವು ಸಕ್ಕರೆಗೂ ಪೆಟ್ರೋಲಿಗೂ ಔಷಧಕ್ಕೂ ಒಂದೇ ಎಂಬ ದೃಷ್ಟಿಯೇ ಈ ವಿಷಯವನ್ನು ಪ್ರತ್ಯೇಕ ಶಾಸ್ತ್ರವನ್ನಾಗಿಸಿತು. 1887ರಲ್ಲಿ ಮ್ಯಾಂಚೆಸ್ಟರ್‌ನಲ್ಲಿ ಉಪನ್ಯಾಸಮಾಲೆ ನೀಡಿದ ಜಾರ್ಜ್ ಡೇವಿಸ್ ಇದಕ್ಕೆ ತಳಹದಿ ಹಾಕಿದರು. 1915ರಲ್ಲಿ ಆರ್ಥರ್ ಲಿಟ್ಲ್ ಇವುಗಳಿಗೆ ಏಕಕ ಕ್ರಿಯೆಗಳೆಂದು ಹೆಸರಿಟ್ಟರು. ಮೂರನೆಯ ವರ್ಷದ ಪಾಠಗಳು ಹೆಚ್ಚಾಗಿ ಇವೇ. ಕೊನೆಯ ವರ್ಷದಲ್ಲಿ ಪ್ರಕ್ರಿಯೆಗಳ ನಿಯಂತ್ರಣ, ಸ್ಥಾವರದ ವಿನ್ಯಾಸ ಮತ್ತು ವೆಚ್ಚದ ಲೆಕ್ಕ ಇರುತ್ತವೆ. ರಜೆಯಲ್ಲಿ ಕಾರ್ಖಾನೆಯೊಂದರಲ್ಲಿ ಪಡೆಯುವ ತರಬೇತಿಯನ್ನು ಪ್ರಮಾಣಪತ್ರಕ್ಕಾಗಿ ಮಾತ್ರ ಮುಗಿಸುವ ವಿದ್ಯಾರ್ಥಿ ದೊಡ್ಡ ಅವಕಾಶವನ್ನು ಕಳೆದುಕೊಳ್ಳುತ್ತಾನೆ.

ಪಾಷಾಣದ ಪ್ರಯೋಗಾಲಯ

ಪುಣೆಯ ಪಾಷಾಣ ಪ್ರದೇಶದಲ್ಲಿರುವ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯವು 1950ರ ಜನವರಿಯಲ್ಲಿ ಉದ್ಘಾಟನೆಗೊಂಡಿತು. ಕುಪ್ಪಿಗೂ ಕಾರ್ಖಾನೆಗೂ ನಡುವೆ ಇರುವ ಮಾದರಿ ಸ್ಥಾವರದ ಹಂತಕ್ಕೆ ಇಲ್ಲಿ ವಿಶೇಷ ಗಮನ ದೊರೆತಿದೆ. ಅದಕ್ಕೆ ದುಡಿದವರಲ್ಲಿ ಪ್ರಮುಖರು ಬೆಂಗಳೂರಿನಲ್ಲಿ 1927ರಲ್ಲಿ ಜನಿಸಿದ ಡಾ. ಎಲ್.ಕೆ. ದೊರೈಸ್ವಾಮಿ. ಮದ್ರಾಸಿನಲ್ಲಿ ರಾಸಾಯನಿಕ ಎಂಜಿನಿಯರಿಂಗ್ ಓದಿ, ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಡಾಕ್ಟರೇಟ್ ಪಡೆದ ಅವರು 1954ರಲ್ಲಿ ಪ್ರಯೋಗಾಲಯವನ್ನು ಸೇರಿದರು. 1978ರಿಂದ 1989ರವರೆಗೆ ಅದರ ನಿರ್ದೇಶಕರಾಗಿದ್ದರು. ಘನ, ದ್ರವ, ಅನಿಲಗಳು ಕೂಡಿ ನಡೆಯುವ ಕ್ರಿಯೆಗಳನ್ನು ಕುರಿತು ಮುಂಬಯಿಯ ಎಂ.ಎಂ. ಶರ್ಮಾ ಅವರೊಡನೆ ಬರೆದ ಎರಡು ಸಂಪುಟಗಳ ಗ್ರಂಥ 1984ರಲ್ಲಿ ಪ್ರಕಟವಾಯಿತು. ಚಮಚೆಯಷ್ಟು ವೇಗವರ್ಧಕ ಪ್ರಯೋಗಶಾಲೆಯಲ್ಲಿ ಸರಿಯಾಗಿ ನಡೆದುಕೊಂಡರೂ, ಟನ್ನುಗಟ್ಟಲೆ ತುಂಬಿದ ಕೊಳವೆಯ ನಡುವೆ ಎಲ್ಲೋ ಒಂದೆಡೆ ಉಷ್ಣತೆ ಮಿತಿಮೀರಿ ಏರಿ ವೇಗವರ್ಧಕವೇ ಸುಟ್ಟುಹೋಗಬಹುದು. ಇಂತಹ ತೊಂದರೆಗಳನ್ನು ಮೊದಲೇ ಲೆಕ್ಕಹಾಕಿ ತಿಳಿಯುವುದೇ ಆ ಶಾಸ್ತ್ರಭಾಗದ ಗುರಿ.

ಲೆಕ್ಕವನ್ನು ಕಡೆಗಣಿಸಿದರೆ

1984ರ ಡಿಸೆಂಬರ್ 2ರ ನಡುರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ನಡೆದದ್ದು ಮೇಲೆ ಹೇಳಿದ ಗಾತ್ರ ಮತ್ತು ಹೊರಮೈಗಳ ಲೆಕ್ಕವೇ. ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ಇದ್ದ ಒಂದು ತೊಟ್ಟಿಯೊಳಕ್ಕೆ ನೀರು ಸೇರಿತು. ಆ ಕ್ರಿಯೆ ಶಾಖವನ್ನು ಹೊರಸೂಸುವಂಥದು. ತೊಟ್ಟಿಯನ್ನು ತಂಪಾಗಿಡಬೇಕಾಗಿದ್ದ ಶೀತಲೀಕರಣ ವ್ಯವಸ್ಥೆಯನ್ನು ಕೆಲವು ತಿಂಗಳ ಹಿಂದೆಯೇ ನಿಲ್ಲಿಸಲಾಗಿತ್ತು. ಶಾಖ ಹೊರಹೋಗಲು ದಾರಿಯಿಲ್ಲದೆ ಒತ್ತಡ ಏರಿ, ವಿಷಾನಿಲ ಮಲಗಿದ್ದ ಊರಿನ ಮೇಲೆ ಹರಡಿ ಸಾವಿರಾರು ಜನ ಸತ್ತರು. ಇದೇ ವಸ್ತುವನ್ನು ಒಂದು ಲೀಟರಿನ ಕುಪ್ಪಿಯಲ್ಲಿ ಇಟ್ಟಿದ್ದರೂ ಅದು ವಿಷವೇ. ಆದರೆ ಊರನ್ನು ಕೊಲ್ಲುವ ವಿಷವಲ್ಲ. ಅಪಾಯಕಾರಿ ವಸ್ತುವನ್ನು ಸಂಗ್ರಹಿಸಿಡದೆ ಬೇಕಾದಾಗ ಬೇಕಾದಷ್ಟೇ ತಯಾರಿಸಿ ಬಳಸಬೇಕೆಂಬ ನಿಯಮವನ್ನು ಇಂದು ವಿನ್ಯಾಸದ ತರಗತಿಗಳಲ್ಲಿ ಕಲಿಸಲಾಗುತ್ತದೆ. 1986ರ ಪರಿಸರ ಸಂರಕ್ಷಣಾ ಕಾಯಿದೆಯೂ, 1987ರಲ್ಲಿ ಕಾರ್ಖಾನೆಗಳ ಕಾಯಿದೆಗೆ ಮಾಡಿದ ತಿದ್ದುಪಡಿಯೂ ಈ ದುರಂತದ ಬೆನ್ನಲ್ಲೇ ಬಂದವು. ಸುರಕ್ಷತೆಯ ಪತ್ರಿಕೆಯನ್ನು ಸುಲಭವಾಗಿ ಅಂಕ ಗಳಿಸುವ ವಿಷಯವೆಂದು ವಿದ್ಯಾರ್ಥಿಗಳು ಭಾವಿಸುವುದು ಸರಿಯಲ್ಲ.

ಪ್ರವೇಶ ಮತ್ತು ಮುಂದಿನ ದಾರಿ

ಹನ್ನೆರಡನೆಯ ತರಗತಿಯಲ್ಲಿ ಭೌತಶಾಸ್ತ್ರ, ಗಣಿತಗಳ ಜೊತೆ ರಸಾಯನಶಾಸ್ತ್ರವನ್ನು ಓದಿದವರಿಗೆ ಈ ವ್ಯಾಸಂಗ ಒಗ್ಗುತ್ತದೆ. 1949ರಲ್ಲಿ ಸ್ಥಾಪಿತವಾಗಿ 2014ರಿಂದ ಸಾವಿತ್ರಿಬಾಯಿ ಫುಲೆ ಅವರ ಹೆಸರನ್ನು ಹೊತ್ತಿರುವ ಪುಣೆ ವಿಶ್ವವಿದ್ಯಾಲಯದ ವ್ಯಾಪ್ತಿಯ ವಿಶ್ವಕರ್ಮ ತಂತ್ರಜ್ಞಾನ ಸಂಸ್ಥೆಯಲ್ಲಿಯೂ, ಪರಿಗಣಿತ ವಿಶ್ವವಿದ್ಯಾಲಯವಾದ ಭಾರತಿ ವಿದ್ಯಾಪೀಠದ ಎಂಜಿನಿಯರಿಂಗ್ ಕಾಲೇಜಿನಲ್ಲಿಯೂ ಈ ವಿಷಯದ ಬೋಧನೆಯಿದೆ. ಮಹಾರಾಷ್ಟ್ರದ ವಿದ್ಯಾರ್ಥಿಗಳಿಗೆ ರಾಜ್ಯದ ಪ್ರವೇಶ ಪರೀಕ್ಷೆ ಇದೆ. ಹೊರರಾಜ್ಯದವರಿಗೆ ಸಾಮಾನ್ಯವಾಗಿ ಜೆ.ಇ.ಇ. ಮೇನ್ ಅಂಕಗಳೇ ಆಧಾರ. ಸಂಸ್ಥೆಯಿಂದ ಸಂಸ್ಥೆಗೆ ನಿಯಮಗಳು ಬೇರೆಯಾಗುವುದರಿಂದ ಆಯಾ ವರ್ಷದ ಪ್ರಕಟಣೆಯನ್ನು ನೋಡಿಕೊಳ್ಳಬೇಕು. ಊರಿನ ಹತ್ತಿರವೇ ಓದಬಯಸುವವರಿಗೆ ಸುರತ್ಕಲ್ಲಿನ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯೂ ಇದೆ. ಪದವಿಯ ಬಳಿಕ ಗೇಟ್ ಪರೀಕ್ಷೆಯ ಮೂಲಕ ಸ್ನಾತಕೋತ್ತರ ವ್ಯಾಸಂಗಕ್ಕೂ, ಪಾಷಾಣದ ಪ್ರಯೋಗಾಲಯದಂತಹ ಸಂಸ್ಥೆಗಳಲ್ಲಿ ಸಂಶೋಧನೆಗೂ ಅವಕಾಶವಿದೆ.

ಪಿಂಪ್ರಿಯ ಕಥೆ 1955ಕ್ಕೆ ನಿಲ್ಲಲಿಲ್ಲ. 1981ರಲ್ಲಿ ಆ ಸಂಸ್ಥೆಯು ಕರ್ನಾಟಕದ ಸಹಭಾಗಿತ್ವದಲ್ಲಿ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯಾಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಕಂಪನಿಯನ್ನು ಹುಟ್ಟುಹಾಕಿತು. ಆದರೆ ವಿದೇಶದಿಂದ ಅಗ್ಗದ ಪೆನಿಸಿಲಿನ್-ಜಿ ಬರತೊಡಗಿದ ಮೇಲೆ ಹುದುಗಿಸಿ ಅದನ್ನು ತಯಾರಿಸುವ ಕೆಲಸ ಪಿಂಪ್ರಿಯಲ್ಲಿಯೂ ದೇಶದ ಇತರ ಕಾರ್ಖಾನೆಗಳಲ್ಲಿಯೂ ನಿಂತುಹೋಯಿತು. ತಂತ್ರ ತಿಳಿಯದೆ ನಿಂತದ್ದಲ್ಲ. ಸಕ್ಕರೆ, ವಿದ್ಯುತ್ತು, ದ್ರಾವಕಗಳ ಖರ್ಚನ್ನು ಕೂಡಿಸಿದಾಗ ಪ್ರತಿ ಕಿಲೋಗೆ ಬೀಳುತ್ತಿದ್ದ ವೆಚ್ಚ ಆಮದಿನ ಬೆಲೆಯನ್ನು ಮೀರುತ್ತಿತ್ತು. 2020ರಲ್ಲಿ ಕೇಂದ್ರ ಸರ್ಕಾರವು ಔಷಧಗಳ ಮೂಲವಸ್ತುಗಳಿಗಾಗಿ ಉತ್ಪಾದನೆ ಆಧಾರಿತ ಪ್ರೋತ್ಸಾಹ ಯೋಜನೆಯನ್ನು ಮಂಜೂರು ಮಾಡಿದಾಗ, ದೇಶದಲ್ಲಿಯೇ ತಯಾರಾಗಬೇಕಾದ ವಸ್ತುಗಳ ಪಟ್ಟಿಯಲ್ಲಿ ಪೆನಿಸಿಲಿನ್-ಜಿ ಮತ್ತೆ ಸೇರಿತು. ಕೊನೆಯ ವರ್ಷದ ವಿನ್ಯಾಸ ಯೋಜನೆಗೆ ವಿಷಯ ಹುಡುಕುವ ವಿದ್ಯಾರ್ಥಿಗೆ ಇದೊಂದು ಒಳ್ಳೆಯ ಲೆಕ್ಕ: ತೊಟ್ಟಿಯ ಗಾತ್ರ, ಗಾಳಿಯ ಪ್ರಮಾಣ, ತಂಪುನೀರಿನ ಖರ್ಚು, ಮರಳಿ ಪಡೆಯಬಹುದಾದ ದ್ರಾವಕ, ಕೊನೆಯಲ್ಲಿ ಒಂದು ಕಿಲೋವಿನ ಬೆಲೆ.