31 ಇಂಚಿನ ಬಟ್ಟೆ ಕಲಿಸಿದ್ದು

ಹುಬ್ಬಳ್ಳಿಯ ನಮ್ಮ ಮನೆಯ ಮಹಡಿಯಲ್ಲಿ ಗುಳೇದಗುಡ್ಡದ ಖಣದಿಂದ ಕುರ್ತಾ, ಜಾಕೆಟ್ ಹೊಲಿಸಿ ಮಾರತೊಡಗಿದಾಗ ಅತ್ತೆ, ಯಜಮಾನರು, ಮೈದುನ, ನಾನು ಸೇರಿ ನಾಲ್ವರಿದ್ದೆವು. ಬಟ್ಟೆಯ ಗುಣ ಗೊತ್ತಿದ್ದದ್ದು ಅತ್ತೆಗೆ ಮಾತ್ರ. ಅವರನ್ನೇ ಕೊನೆಗೆ ಕೇಳುತ್ತಿದ್ದೆವು. ಆ ಬುದ್ಧಿವಂತಿಕೆಯ ಲೆಕ್ಕ ಇಲ್ಲಿದೆ.

1. ಮೊದಲು ಅಗಲ ನೋಡಿ, ಡಿಸೈನ್ ಆಮೇಲೆ.

ಖಣ ಕುಪ್ಪಸಕ್ಕೆಂದೇ ನೇಯ್ದ ಬಟ್ಟೆ. ಅಗಲ ಸಾಮಾನ್ಯವಾಗಿ 31 ಇಂಚಿನ ಆಸುಪಾಸು. ನಾನೋ ಅಂಗಡಿಯ 44 ಇಂಚಿನ ಕಾಟನ್ನಿನ ಲೆಕ್ಕದಲ್ಲೇ ಮೀಟರ್ ಎಣಿಸಿ ಖಣ ತಂದೆ. ಕಟಿಂಗ್ ಮಾಸ್ಟರ್ ಟೇಬಲ್ಲಿನ ಮೇಲೆ ಹಾಸಿ ನೋಡಿ, "ಅಕ್ಕಾರ, ಇದರಾಗ ಮೈ ಕುಂತರ ತೋಳು ಕುಂದ್ರಂಗಿಲ್ಲ" ಎಂದರು. ಹಟ ಬಿಡದೆ ಬಗಲಿಗೆ ತುಂಡು ಜೋಡಿಸಿದೆವು. ತೇರಿನ ಬುಟ್ಟಾ ಒಂದು ಕಡೆ ನೆಟ್ಟಗೆ, ಇನ್ನೊಂದು ಕಡೆ ತಲೆಕೆಳಗು. ಆ ಥಾನಿನ ಕುರ್ತಾಗಳೆಲ್ಲ ನೆಂಟರ ಪಾಲಾದವು. ಮದುವೆ ಮನೆಗಳಲ್ಲಿ ಅವು ಈಗಲೂ ಎದುರಾದರೆ ನಾನು ಊಟದ ಪಂಕ್ತಿ ಬದಲಿಸುತ್ತೇನೆ.

ಕೊನೆಗೆ ಅತ್ತೆಯೇ ಖಣವನ್ನು ನಡುವಿಗೆ ಇಟ್ಟು, ಎರಡೂ ಪಕ್ಕ ಸಾದಾ ಕಾಟನ್ನಿನ ಕಳಿ ಕೊಟ್ಟು ಹೊಲಿಸಿದರು. ಮೈ ತುಂಬಿದವರಿಗೂ ಅಳತೆ ಸಿಕ್ಕಿತು. ಇವತ್ತಿಗೂ ನಮ್ಮಲ್ಲಿ ಹೆಚ್ಚು ಮಾರುವುದು ಅದೇ. ಡಿಸೈನ್ ಯಾರದೆಂದು ಕೇಳಿದವರ ಮುಂದೆ ಕೆಲಕಾಲ ನಾನು ಸುಮ್ಮನೆ ನಕ್ಕಿದ್ದೂ ಉಂಟು.

2. ಆರ್ಡರ್ ಒಪ್ಪುವ ಮೊದಲು ಮಗ್ಗ ನೋಡಿ ಬನ್ನಿ.

ಗಿರಾಕಿಯೊಬ್ಬರು ಅದೇ ಬುಟ್ಟಾ ಬೇರೆ ಬಣ್ಣದಲ್ಲಿ ಬೇಕೆಂದರು, ಒಂದೇ ಒಂದು ಕುರ್ತಾಕ್ಕೆ. ಮುಂಗಡ ತೆಗೆದುಕೊಂಡು ಆಮೇಲೆ ನೇಕಾರ ಕಾಕಾಗೆ ಫೋನ್ ಮಾಡಿದೆ. "ಬಾ ಯವ್ವಾ, ಒಮ್ಮಿ ಮಗ್ಗ ನೋಡಿ ಹೋಗು" ಎಂದಷ್ಟೇ ಹೇಳಿದರು.

ಹೋಗಿ ನೋಡಿದ ಮೇಲೆ ತಿಳಿಯಿತು. ಖಣದ ಬುಟ್ಟಾ ಮೂಡುವುದು ಹಾಸಿನಲ್ಲಿ ಸೇರಿಸಿದ ಹೆಚ್ಚಿನ ಎಳೆಗಳಿಂದ. ಹಾಗಾಗಿ ಬುಟ್ಟಾದ ಬಣ್ಣ ಲಾಳಿ ಓಡುವ ಮೊದಲೇ ನಿಶ್ಚಯವಾಗಿರುತ್ತದೆ. ಹೊಕ್ಕಿನ ನೂಲು ಬದಲಿಸಿದರೆ ನೆಲದ ಛಾಯೆ ಬದಲಾದೀತು, ಬುಟ್ಟಾ ಹಾಗೇ ಇರುತ್ತದೆ. ಒಂದು ಕುರ್ತಾಕ್ಕಾಗಿ ಹೊಸ ಹಾಸು ಹಾಕುವುದು ಆಗದ ಮಾತು. ಮುಂಗಡ ಹಿಂದಿರುಗಿಸಿದೆ. ಈಗ ಹಾಸು ಮುಗಿದರೆ ಆ ಬಣ್ಣ ಮುಗಿಯಿತೆಂದು ಮೊದಲೇ ಹೇಳುತ್ತೇವೆ. ಕೆಲವರು ಇದನ್ನು ಮಾರಾಟದ ಚತುರೋಪಾಯವೆಂದು ಹೊಗಳುತ್ತಾರೆ. ಹೊಗಳಲಿ ಬಿಡಿ.

3. ಒಗೆಯದೆ ಕತ್ತರಿ ಇಡಬೇಡಿ.

ಕೆಂಪು ಖಣದ ಬಣ್ಣ ಬಿಳಿ ಅಸ್ತರಿಗೆ ಇಳಿಯಿತು. ಅಸ್ತರ್ ಕುಗ್ಗಿತು, ಮೇಲಿನ ಬಟ್ಟೆ ಕುಗ್ಗಲಿಲ್ಲ, ಕೆಳಗಿನ ಮಡಿಕೆ ಮುದುಡಿತು. ಗಿರಾಕಿ ಬೈಯದೆ ಫೋಟೋ ಮಾತ್ರ ಕಳಿಸಿದರು. ಬೈದಿದ್ದರೇ ಚೆನ್ನಾಗಿತ್ತು. ಈಗ ಅಸ್ತರನ್ನು ನೆನೆಸಿ ಒಣಗಿಸಿದ ಮೇಲೆಯೇ ಕಟಿಂಗ್, ಪ್ರತಿ ಥಾನಿನ ತುಂಡನ್ನೂ ಒದ್ದೆ ಬಿಳಿ ಬಟ್ಟೆಗೆ ಉಜ್ಜಿ ನೋಡುವುದು ಮೈದುನನ ಕೆಲಸ.

4. ಲೇಬಲ್ ನೇಯಿಸುವ ಮುನ್ನ ಹೆಸರು ಹುಡುಕಿ.

ನಾವಿಟ್ಟ ಹೆಸರಿನಲ್ಲಿ ಬೇರೊಬ್ಬರು ಆಗಲೇ ಬಟ್ಟೆ ಮಾರುತ್ತಿದ್ದರು. ಒಂದು ಡಬ್ಬಿ ಲೇಬಲ್ ದಂಡ. ಟ್ರೇಡ್‌ಮಾರ್ಕ್ ನೋಂದಣಿಯಲ್ಲಿ ಉಡುಪಿಗೆ 25ನೇ ವರ್ಗ. ಅಲ್ಲಿ ಹೆಸರು ಇದೆಯೋ ಇಲ್ಲವೋ ಎಂದು ಮನೆಯಲ್ಲೇ ಕುಳಿತು ಪುಕ್ಕಟೆ ನೋಡಬಹುದು. ನೋಂದಣಿ 10 ವರ್ಷದ್ದು, ಆಮೇಲೆ ನವೀಕರಿಸಿಕೊಳ್ಳಬೇಕು.

5. ಮನೆಯವರ ಕೂಲಿಯನ್ನೂ ವಹಿಯಲ್ಲಿ ಬರೆಯಿರಿ.

ಇದನ್ನು ಕಲಿಯಲು ಹೆಚ್ಚು ಹೊತ್ತು ಹಿಡಿಯಿತು. ಬಟ್ಟೆ, ಹೊಲಿಗೆ, ಕೊರಿಯರ್ ಕೂಡಿಸಿ ಅದರ ಮೇಲೆ ಒಂದಿಷ್ಟು ಇಟ್ಟು ಬೆಲೆ ಕಟ್ಟುತ್ತಿದ್ದೆ. ಕಳಿಯ ಮೇಲಿನ ಕಸೂತಿ ಅತ್ತೆಯದು. ಕಸೂತಿಯೆಂದರೆ ಎಳೆ ಎಣಿಸಿ, ಗಂಟು ಹಾಕದೆ ಹಾಕುವ ಹೊಲಿಗೆ. ಅದರಲ್ಲೂ ಗವಂತಿ ಎಂಬ ಹೊಲಿಗೆಯಾದರೆ ಹಿಂದೆ ಮುಂದೆ ಒಂದೇ ಥರ ಕಾಣಬೇಕು. ಅತ್ತೆ ಮಧ್ಯಾಹ್ನವೆಲ್ಲ ಕಿಟಕಿಯ ಬಳಿ ಕೂತು ಹಾಕುತ್ತಿದ್ದರು. ನನ್ನ ವಹಿಯಲ್ಲಿ ಅದಕ್ಕೆ ಸೊನ್ನೆ.

ಅವರಿಗೆ ಕಣ್ಣಿನ ಆಪರೇಷನ್ ಆಯಿತು. ಧಾರವಾಡದ ಕಸೂತಿ ಕೆಲಸದವರೊಬ್ಬರಿಗೆ ಕಳಿ ಕೊಟ್ಟೆವು. ಅವರು ಕೇಳಿದ ಕೂಲಿ ನ್ಯಾಯವಾದದ್ದೇ. ಅದನ್ನು ಬರೆದ ಕೂಡಲೇ ಪ್ರತಿ ಕುರ್ತಾದಲ್ಲೂ ನಷ್ಟ ಕಾಣಿಸಿತು. ಅಷ್ಟು ದಿನ ನಾನು ಲಾಭವೆಂದು ಎಣಿಸಿದ್ದು ಅತ್ತೆಗೆ ಕೊಡದ ಕೂಲಿಯಾಗಿತ್ತು. ಯಜಮಾನರಿಗೆ ತೋರಿಸಿದೆ, ಅವರೂ ಮಾತಾಡಲಿಲ್ಲ. ಅತ್ತೆ ಮಾತ್ರ "ನನಗ ಮೊದಲ ಗೊತ್ತಿತ್ತು, ನೀವು ಕೇಳಲಿಲ್ಲ" ಎಂದರು.

ಬೆಲೆ ಏರಿಸಿದೆವು. ಒಂದಷ್ಟು ಗಿರಾಕಿಗಳು ಹೋದರು, ಎಲ್ಲರೂ ಮರಳಿಲ್ಲ. ಕಸೂತಿಗೆ ಈಗ ಅತ್ತೆಗೂ ಧಾರವಾಡದವರಿಗೂ ಒಂದೇ ದರ. ನೀವೂ ಮನೆಯಲ್ಲೇ ಶುರು ಮಾಡುವವರಾದರೆ ಮೊದಲ ದಿನವೇ ವಹಿ ತೆರೆಯಿರಿ, ಮೊದಲ ಪುಟದಲ್ಲೇ ಅತ್ತೆಯದೋ ಅವ್ವನದೋ ಕೂಲಿ ಬರೆದು ಆಮೇಲೆ ಬೆಲೆ ಕಟ್ಟಿ.