ಕ್ಯಾಮೆರಾ ಮುಂದೆ ಗೆಲ್ಲುವ ಸೂತ್ರಗಳು

ಬೆಂಗಳೂರಿನ ದೊಡ್ಡನೆಕ್ಕುಂದಿಯ ಪಿ.ಜಿ.ಗಳಲ್ಲಿ ಇದ್ದುಕೊಂಡು ಕೆಲಸ ಹುಡುಕುವ ಮಕ್ಕಳು ಮೊದಲು ಕೇಳುವುದೇ "ಸಾರ್, ಯಾವ ವೆಬ್‌ಕ್ಯಾಮ್ ತಗೊಳ್ಳಲಿ?" ಎಂದು. ರಿಂಗ್ ರೋಡಿನ ಕಂಪನಿ ಕೂಗಳತೆಯಲ್ಲಿದ್ದರೂ ಮೊದಲ ಸುತ್ತಿನ ಸಂದರ್ಶನ ಈಗ ಬಹುಪಾಲು ಪರದೆಯ ಮೇಲೆಯೇ. ನನ್ನ ಉತ್ತರ: ದುಡ್ಡು ಸದ್ಯಕ್ಕೆ ಜೇಬಿನಲ್ಲೇ ಇರಲಿ. ಕೈಯಲ್ಲಿರುವ ಕ್ಯಾಮೆರಾವನ್ನು ಅರಿತು ಬಳಸಿ.

1. ಬೆಳಕು ಮುಖದ ಮೇಲೆ ಬೀಳಲಿ. ಮೂವರು ಹಂಚಿಕೊಂಡ ಕೋಣೆ, ಕಿಟಕಿಗೆ ತಾಗಿದ ಮಂಚ, ಕಿಟಕಿಗೆ ಬೆನ್ನು ಹಾಕಿ ತೊಡೆಯ ಮೇಲೆ ಲ್ಯಾಪ್‌ಟಾಪ್. ಸಂದರ್ಶನ ಕೆಡುವುದು ಇಲ್ಲೇ. ಕ್ಯಾಮೆರಾ ಇಡೀ ಚಿತ್ರದ ಬೆಳಕನ್ನು ಅಳೆದು, ಕಿಟಕಿಯ ಬಿಸಿಲನ್ನು ತಗ್ಗಿಸಲು ಹೋಗಿ ನಿಮ್ಮ ಮುಖವನ್ನೂ ಕಪ್ಪಾಗಿಸುತ್ತದೆ. ತಿರುಗಿ ಕುಳಿತು ಕಿಟಕಿಗೆ ಮುಖ ಮಾಡಿ, ಅಷ್ಟೇ. ರಾತ್ರಿಯಾದರೆ ಟೇಬಲ್ ಲ್ಯಾಂಪನ್ನು ನಿಮ್ಮ ಕಡೆಗಲ್ಲ, ಎದುರಿನ ಬಿಳಿ ಗೋಡೆಯ ಕಡೆಗೆ ತಿರುಗಿಸಿ. ಗೋಡೆಗೆ ಬಡಿದು ಮರಳುವ ಬೆಳಕು ಮೃದುವಾಗಿರುತ್ತದೆ, ಕಣ್ಣನ್ನೂ ಚುಚ್ಚುವುದಿಲ್ಲ.

2. ಲೆನ್ಸ್ ಒರೆಸಿ. ಬೆರಳಿನ ಜಿಡ್ಡೊಂದೇ ಸಾಕು, ಒಳ್ಳೆಯ ಕ್ಯಾಮೆರಾವೂ ಮಂಜು ಕವಿದಂತೆ ತೋರಿಸುತ್ತದೆ. ಕನ್ನಡಕ ಒರೆಸುವ ಬಟ್ಟೆ ಇದ್ದರೆ ಬೇರೇನೂ ಬೇಡ.

3. 'ವಿಡಿಯೊದಲ್ಲಿ ಪಟ್ಟೆ ಪಟ್ಟೆ ಓಡುತ್ತದೆ, ಕ್ಯಾಮೆರಾ ಕೆಟ್ಟಿದೆಯಾ?' ಕೆಟ್ಟಿಲ್ಲ. ನಮ್ಮ ಕರೆಂಟು 50 ಹರ್ಟ್ಸ್, ಹಾಗಾಗಿ ಹಳೆಯ ಟ್ಯೂಬ್‌ಲೈಟೂ ಅಗ್ಗದ ಎಲ್‌ಇಡಿಯೂ ಸೆಕೆಂಡಿಗೆ 100 ಸಲ ಮಿನುಗುತ್ತವೆ. ಅಮೆರಿಕದ 60 ಹರ್ಟ್ಸ್‌ಗೆ ಹೊಂದಿಸಿಟ್ಟ ಕ್ಯಾಮೆರಾಗೆ ಈ ತಾಳ ಕೂಡಿಬರುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ 'ಆಂಟಿ ಫ್ಲಿಕರ್' ಹುಡುಕಿ 50ಕ್ಕೆ ಇಡಿ. ಮೊಬೈಲಿನ ಪ್ರೊ ಮೋಡ್‌ನಲ್ಲಾದರೆ ಶಟರ್ 1/50 ಅಥವಾ 1/100 ಇರಲಿ.

4. ಮೆಗಾಪಿಕ್ಸೆಲ್‌ಗೆ ಮರುಳಾಗಬೇಡಿ. 50 ಮೆಗಾಪಿಕ್ಸೆಲ್ ಮೊಬೈಲು ಸಾಮಾನ್ಯವಾಗಿ ನಾಲ್ಕು ನಾಲ್ಕು ಪಿಕ್ಸೆಲ್‌ಗಳನ್ನು ಒಂದುಗೂಡಿಸಿ ಸುಮಾರು 12 ಮೆಗಾಪಿಕ್ಸೆಲ್‌ನ ಫೋಟೊ ಕೊಡುತ್ತದೆ. ಅದನ್ನು ನೋಡುವ ಫುಲ್ ಎಚ್‌ಡಿ ಮಾನಿಟರ್‌ನಲ್ಲಿ ಇರುವುದೇ ಅಡ್ಡಕ್ಕೆ 1920, ಉದ್ದಕ್ಕೆ 1080 ಪಿಕ್ಸೆಲ್. ಗುಣಿಸಿದರೆ ಸುಮಾರು 20 ಲಕ್ಷ, ಅಂದರೆ ಎರಡು ಮೆಗಾಪಿಕ್ಸೆಲ್. 4ಕೆ ಪರದೆಯೂ ಎಂಟನ್ನು ತುಸು ದಾಟುತ್ತದೆ, ಅಷ್ಟೇ. ವಿಡಿಯೊ ಕರೆಯಲ್ಲಿ ನೆಟ್ ನಿಧಾನವಾದರೆ ಚಿತ್ರ ಒಂದು ಮೆಗಾಪಿಕ್ಸೆಲ್‌ಗಿಂತಲೂ ಕೆಳಗಿಳಿಯುತ್ತದೆ. ನಿಮ್ಮ ಚಿತ್ರವನ್ನು ಎದುರಿನವರು ಯಾವ ಪರದೆಯಲ್ಲಿ ನೋಡುತ್ತಾರೆ ಎಂದು ಮೊದಲು ಯೋಚಿಸಿ. ಕ್ಯಾಮೆರಾ ಖರೀದಿ ಆಮೇಲಿನ ಮಾತು.

5. ಲ್ಯಾಪ್‌ಟಾಪ್ ಕೆಳಗೆ ನಾಲ್ಕು ದಪ್ಪ ಪುಸ್ತಕ ಇಡಿ. ಕ್ಯಾಮೆರಾ ಕಣ್ಣಿನ ಮಟ್ಟಕ್ಕೆ ಬರಬೇಕು. ಕೇಳುವಾಗ ಪರದೆ ನೋಡಿ, ಉತ್ತರಿಸುವಾಗ ಲೆನ್ಸ್ ನೋಡಿ.

6. ಪರದೆಯ ಫೋಟೊ ಹೊಡೆದು ಕಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆಯಿರಿ. ಪರದೆಯಲ್ಲೂ ಚುಕ್ಕೆಗಳ ಸಾಲು, ಕ್ಯಾಮೆರಾದಲ್ಲೂ ಚುಕ್ಕೆಗಳ ಸಾಲು. ಎರಡೂ ಒಂದರ ಮೇಲೊಂದು ಬಿದ್ದಾಗ ಅಲೆ ಅಲೆಯಾದ ಬಣ್ಣದ ಗೆರೆಗಳು ಏಳುತ್ತವೆ. ಶಾಪ್ ಫ್ಲೋರಿನ ಮೆಷಿನ್ನಿನಲ್ಲಿ ಎರರ್ ಕೋಡ್ ಬಂದು ಫೋಟೊ ತೆಗೆಯಲೇಬೇಕಾದರೆ ಎರಡು ಹೆಜ್ಜೆ ಹಿಂದೆ ಸರಿಯಿರಿ, ಮೊಬೈಲನ್ನು ಸ್ವಲ್ಪ ಓರೆ ಹಿಡಿಯಿರಿ.

7. ಕ್ಯಾಮೆರಾದ ಕೆಲಸ ಏನು ಎಂದು ಕೇಳಲು ಕಲಿಯಿರಿ. ಇಲ್ಲಿನ ಕೈಗಾರಿಕಾ ಪ್ರದೇಶದಲ್ಲಿ ಕ್ವಾಲಿಟಿ ವಿಭಾಗಕ್ಕೆ ಸೇರಬಯಸುವವರಿಗೆ ಇದು ತುಂಬ ಮುಖ್ಯ. ಪಾರ್ಟಿನ ಮೇಲಿನ ಗೀರು ಕಾಣಬೇಕೇ? ಬೆಳಕನ್ನು ಓರೆಯಾಗಿ ಹಾಯಿಸಬೇಕು. ತೂತಿನ ಅಂಚು ಅಳೆಯಬೇಕೇ? ಹಿಂದಿನಿಂದ ಬೆಳಕು ಬಿಡಬೇಕು. ಅಳತೆಗೆ ಸಾಮಾನ್ಯವಾಗಿ ಕಪ್ಪು-ಬಿಳುಪು ಕ್ಯಾಮೆರಾವೇ ಮೇಲು, ಏಕೆಂದರೆ ಬಣ್ಣದ ಕ್ಯಾಮೆರಾದಲ್ಲಿ ಪ್ರತಿ ಪಿಕ್ಸೆಲ್ ಕೆಂಪು, ಹಸಿರು, ನೀಲಿಯಲ್ಲಿ ಒಂದನ್ನಷ್ಟೇ ಹಿಡಿಯುತ್ತದೆ, ಮಿಕ್ಕ ಎರಡನ್ನು ಅಕ್ಕಪಕ್ಕದ ಪಿಕ್ಸೆಲ್ ನೋಡಿ ಲೆಕ್ಕ ಹಾಕಬೇಕಾಗುತ್ತದೆ. ಸಂದರ್ಶನದಲ್ಲಿ ಇಷ್ಟನ್ನು ಬಿಡಿಸಿ ಹೇಳಬಲ್ಲವರನ್ನು ಯಾರೂ ಹಗುರವಾಗಿ ಕಾಣುವುದಿಲ್ಲ.

ಇದಕ್ಕೆ ಉದಾಹರಣೆ ನಮ್ಮ ಊರಿನ ಇಸ್ರೋದಲ್ಲೇ ಇದೆ. ಉಪಗ್ರಹಗಳನ್ನು ಜೋಡಿಸಿ ಪರೀಕ್ಷಿಸುವ ಇಸ್ರೋದ ಐಸೈಟ್ ನಮ್ಮ ರಿಂಗ್ ರೋಡಿನ ಮಗ್ಗುಲಲ್ಲೇ ಇದೆ. ಚಂದ್ರಯಾನ-3ರ ಲ್ಯಾಂಡರ್‌ನಲ್ಲಿದ್ದ ಕ್ಯಾಮೆರಾಗಳಲ್ಲಿ ಒಂದನ್ನು ರೂಪಿಸಿದ್ದು ಪೀಣ್ಯದಲ್ಲಿರುವ ಇಸ್ರೋದ ಲಿಯೋಸ್ ಪ್ರಯೋಗಾಲಯ. 2023ರ ಆಗಸ್ಟ್ 23ರ ಸಂಜೆ ಲ್ಯಾಂಡರ್ ಇಳಿಯುವಾಗ ಆ ಕ್ಯಾಮೆರಾಗೆ ಒಪ್ಪಿಸಿದ್ದ ಕೆಲಸ ಚಂದ್ರನ ಚಂದದ ಚಿತ್ರ ತೆಗೆಯುವುದಲ್ಲ. ಚಿತ್ರದಿಂದ ಚಿತ್ರಕ್ಕೆ ನೆಲ ಎಷ್ಟು ಸರಿಯಿತು ಎಂಬುದರಿಂದ ಲ್ಯಾಂಡರ್‌ನ ಅಡ್ಡ ವೇಗ ತಿಳಿಯುವುದು. ಈ ಊರಿನ ಮಕ್ಕಳಿಗೆ ಇದು ಗೊತ್ತಿರಬೇಕು ಅನ್ನುವುದು ನನ್ನ ಆಸೆ.

8. ಕಣ್ಣು ಕಾಯ್ದುಕೊಳ್ಳಿ. 20 ನಿಮಿಷಕ್ಕೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಿ. ಪರದೆ ನೋಡುವಾಗ ರೆಪ್ಪೆ ಮಿಟುಕಿಸುವುದು ಕಮ್ಮಿಯಾಗಿ ಕಣ್ಣು ಒಣಗುತ್ತದೆ, ನೆನಪಿಟ್ಟು ಮಿಟುಕಿಸಿ. ಕೋಣೆ ಕತ್ತಲಾಗಿದ್ದರೆ ಬ್ರೈಟ್‌ನೆಸ್ಸೂ ಇಳಿಯಲಿ.

9. ಮಾನಿಟರ್ ಕೊಳ್ಳುವುದಿದ್ದರೆ ಎಸ್.ಪಿ. ರಸ್ತೆಯಲ್ಲಿ ಸೆಕೆಂಡ್ ಹ್ಯಾಂಡ್ ಆದರೂ ತಪ್ಪಿಲ್ಲ. 24 ಇಂಚಿಗೆ ಫುಲ್ ಎಚ್‌ಡಿ ಸಾಕು. ಅದೇ 27 ಇಂಚಾದರೆ ಅಕ್ಷರ ಒರಟಾಗುತ್ತದೆ, 2560×1440 ಇರುವುದನ್ನೇ ಕೇಳಿ. ಐಪಿಎಸ್ ಪ್ಯಾನೆಲ್ ಆದರೆ ಪಕ್ಕದಿಂದ ನೋಡಿದರೂ ಬಣ್ಣ ಅಷ್ಟಾಗಿ ಕೆಡುವುದಿಲ್ಲ. ನಿಮ್ಮದೇ ಲ್ಯಾಪ್‌ಟಾಪ್, ಕೇಬಲ್ ಒಯ್ಯಿರಿ. ಕಪ್ಪು, ಬಿಳಿ, ಕೆಂಪು, ಹಸಿರು, ನೀಲಿ ಚಿತ್ರಗಳನ್ನು ಒಂದೊಂದಾಗಿ ಪರದೆ ತುಂಬ ತೆರೆದು ಮೂಲೆ ಮೂಲೆ ನೋಡಿ. ಬಿಳಿಯಲ್ಲಿ ಕಪ್ಪು ಚುಕ್ಕೆ ಕಂಡರೆ ಅದು ಸತ್ತ ಪಿಕ್ಸೆಲ್, ಅದಕ್ಕೆ ರಿಪೇರಿ ಇಲ್ಲ. ಮುಂದಿನ ಅಂಗಡಿಗೆ ನಡೆಯಿರಿ.